ಹೊಲಿಗೆ ವೈದ್ಯರದು, ಆರೈಕೆ ಮನೆಯದು

ಹೈದರಾಬಾದಿನಿಂದ ಪುಣೆಗೆ ಹೋಗುವ ಹೆದ್ದಾರಿಯು ಬೀದರ ಜಿಲ್ಲೆಯನ್ನು ಹಾಯುವಾಗ ಹುಮನಾಬಾದು, ಬಸವಕಲ್ಯಾಣಗಳೆರಡರ ಸೀಮೆಯನ್ನೂ ಮುಟ್ಟಿ ಮುಂದೆ ಸಾಗುತ್ತದೆ. ಆ ಸೀಮೆಯ ಊರುಗಳಲ್ಲಿ ಘಾಟಬೋರಾಳವೂ ಒಂದು. ಸುತ್ತಲೂ ಜೋಳ, ತೊಗರಿ, ಕಬ್ಬಿನ ಹೊಲಗಳು. ನಾಲಗೆಯ ಮೇಲೆ ಕನ್ನಡ, ಕಿವಿಗೆ ಮರಾಠಿ, ಉರ್ದು, ತೆಲುಗು. ನೆಗಡಿ ಜ್ವರಗಳಿಗೆ ಹುಮನಾಬಾದು; ಅದಕ್ಕೂ ಮೀರಿದ್ದಕ್ಕೆ ಬೀದರ ಇಲ್ಲವೆ ಕಲಬುರಗಿ; ಇನ್ನೂ ದೊಡ್ಡದಕ್ಕೆ ಸೊಲ್ಲಾಪುರ ಇಲ್ಲವೆ ಹೈದರಾಬಾದು — ಚಿಕಿತ್ಸೆಯ ವಿಷಯದಲ್ಲಿ ಈ ಭಾಗದವರ ದಾರಿ ಬಹುಮಟ್ಟಿಗೆ ಹೀಗೆಯೇ ಇದೆ. 2017ರಲ್ಲಿ ಬೀದರ-ಕಲಬುರಗಿ ರೈಲು ಹುಮನಾಬಾದಿನ ಮೇಲೆ ಓಡತೊಡಗಿದ ಮೇಲೆ ದಾರಿ ತುಸು ಸುಗಮವಾಯಿತು. ದೂರ ಮಾತ್ರ ಅಷ್ಟೇ ಉಳಿಯಿತು.

ಇಂತಹ ಊರಿನ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಮನೆಯ ಸೊಸೆಗೆ ಮೂವತ್ತೆಂಟು ವರ್ಷ, ಶಾಲೆಯಲ್ಲಿ ಉಪಾಧ್ಯಾಯಿನಿ. ಹೆಸರು ಬೇಡ, ಆಕೆ ನಮ್ಮ ಕಲ್ಪನೆಯ ಹೆಣ್ಣುಮಗಳು. ಆದರೆ ಆಕೆಯ ಪರಿಸ್ಥಿತಿ ಎಷ್ಟೋ ಮನೆಗಳಲ್ಲಿ ಇರುವಂಥದೇ. ಪ್ರಾಯಕ್ಕೆ ಬಂದಂದಿನಿಂದ ಆಕೆಯ ಎದೆಯ ಭಾರ ಮೈಗೆ ಮೀರಿದ್ದು. ಹದಿನೈದು ವರ್ಷಗಳಿಂದ ಕತ್ತು ನೋವು, ಹೆಗಲ ಮೇಲೆ ಒಳಉಡುಪಿನ ಪಟ್ಟಿ ಕೊರೆದ ಗೆರೆ, ಬೇಸಿಗೆ ಬಂತೆಂದರೆ ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರಿನ ಹುಣ್ಣು. ಕೊನೆಗೆ ಧೈರ್ಯ ಮಾಡಿ ಹೈದರಾಬಾದಿನಲ್ಲಿ ಸ್ತನದ ಗಾತ್ರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ನಾಲ್ಕನೆಯ ದಿನ ಊರಿಗೆ ಮರಳಿದ್ದಾಳೆ. ನೆರೆಹೊರೆಯವರಿಗೆ ಹೇಳಿದ್ದು ಮಾತ್ರ 'ಬೆನ್ನಿನ ಆಪರೇಶನ್' ಎಂದು. ಅತ್ತೆಗೂ ಅರ್ಧ ಮಾತ್ರ ಗೊತ್ತು. ಆಸ್ಪತ್ರೆಯವರು ಕೊಟ್ಟ, ಇಂಗ್ಲಿಷಿನಲ್ಲಿ ಅಚ್ಚಾದ ಎರಡು ಹಾಳೆಗಳು ಗೋಡೆಯ ಕ್ಯಾಲೆಂಡರಿನ ಹಿಂದೆ ಮಡಚಿ ಕುಳಿತಿವೆ.

ಈ ಲೇಖನ ಆ ಎರಡು ಹಾಳೆಗಳ ವಿಷಯ. ಶಸ್ತ್ರವೈದ್ಯರ ಕೆಲಸ ಮೂರು ನಾಲ್ಕು ಗಂಟೆಗಳಲ್ಲಿ ಮುಗಿಯಿತು. ಹಾಳೆಗಳ ಕೆಲಸ ಆರು ವಾರಗಳದು. ಆ ಆರು ವಾರಗಳಲ್ಲಿ ಕೆಲಸ ಮಾಡಬೇಕಾದವರು ರೋಗಿ ಮತ್ತು ಮನೆಯವರು.

* * *

ಸೌಂದರ್ಯವೋ, ಆರೋಗ್ಯವೋ?

'ಅಂದಕ್ಕಾಗಿ ಮೈಗೆ ಕತ್ತಿ ಹಾಕಿಸಿಕೊಳ್ಳುವುದೆ?' ಎಂದು ಹುಬ್ಬೇರಿಸುವವರು ಬಹಳ ಮಂದಿ. ಸ್ತನದ ಸುರೂಪ ಶಸ್ತ್ರಚಿಕಿತ್ಸೆಯೆಂಬ ಒಂದೇ ಹೆಸರಿನ ಕೆಳಗೆ ನಾನಾ ಬಗೆಯವು ಸೇರಿವೆ ಎಂಬುದನ್ನು ಅವರು ಗಮನಿಸಬೇಕು. ಅತಿ ಭಾರವನ್ನು ಇಳಿಸುವುದು ಒಂದು. ಜೋತುಬಿದ್ದುದನ್ನು ಮೇಲೆತ್ತಿ ಕೂರಿಸುವುದು ಇನ್ನೊಂದು. ಸಿಲಿಕೋನಿನ ಚೀಲವನ್ನಾಗಲಿ, ದೇಹದ ಬೇರೆಡೆಯ ಕೊಬ್ಬನ್ನಾಗಲಿ ಸೇರಿಸಿ ಗಾತ್ರವನ್ನು ಹಿಗ್ಗಿಸುವುದು ಮತ್ತೊಂದು. ಕ್ಯಾನ್ಸರಿಗಾಗಿ ಸ್ತನವನ್ನು ತೆಗೆದ ಮೇಲೆ ಅದನ್ನು ಪುನಃ ನಿರ್ಮಿಸುವುದು ಮಗುದೊಂದು. ಕೆಲವರಿಗೆ ಇದು ಅಂದದ ಮಾತು, ಕೆಲವರಿಗೆ ನೋವಿನ ಮಾತು, ಹಲವರಿಗೆ ಎರಡೂ. ಯಾವ ಕಾರಣಕ್ಕೆ ಮಾಡಿಸಿಕೊಂಡರೂ ಗಾಯವು ಕಾರಣವನ್ನು ಕೇಳುವುದಿಲ್ಲ. ಮಾಯುವ ರೀತಿ ಎಲ್ಲಕ್ಕೂ ಒಂದೇ.

ಸಂಕೋಚದಿಂದ ಆಗುವ ಕೆಡುಕು ಇಲ್ಲಿಂದಲೇ ಆರಂಭವಾಗುತ್ತದೆ. ಕಾಲು ಮುರಿದು ಪಟ್ಟಿ ಹಾಕಿಸಿಕೊಂಡವಳಿಗೆ 'ನೀರು ತರಬೇಡ' ಎಂದು ಊರೇ ಹೇಳುತ್ತದೆ. ಎದೆಯ ಗಾಯ ಸೆರಗಿನ ಒಳಗಿರುವುದರಿಂದ ಅದಕ್ಕೆ ಸಾಕ್ಷಿಗಳಿಲ್ಲ. 'ಬೆನ್ನಿನ ಆಪರೇಶನ್' ಎಂಬ ಒಂದು ಸುಳ್ಳಿನಿಂದ ನಮ್ಮ ಉಪಾಧ್ಯಾಯಿನಿಯು ಮನೆಯವರ ಸಹಾಯವನ್ನು ತಾನೇ ಕಳೆದುಕೊಂಡಿದ್ದಾಳೆ. ಕೈ ಮೇಲೆತ್ತಬಾರದೆಂದು ಆಕೆ ಯಾವ ಬಾಯಿಂದ ಹೇಳಬೇಕು?

* * *

ಪುಣೆಯ ಕಸುಬುಗಾರನ ಪಥ್ಯ

ಶಸ್ತ್ರಕ್ರಿಯೆಯ ತರುವಾಯದ ಕಟ್ಟುಪಾಡುಗಳು ಈಚಿನ ಆಸ್ಪತ್ರೆಗಳು ಹುಟ್ಟಿಸಿದ ಕಿರುಕುಳವೆಂದು ಯಾರಿಗಾದರೂ ತೋರಿದರೆ, ಅವರು ಒಮ್ಮೆ ನಮ್ಮ ನಾಡಿನ ಇತಿಹಾಸದತ್ತ ತಿರುಗಿ ನೋಡಬೇಕು. ಸುಶ್ರುತ ಸಂಹಿತೆಯು ಶಸ್ತ್ರಚಿಕಿತ್ಸೆಯನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮ ಎಂದು ಮೂರಾಗಿ ವಿಂಗಡಿಸುತ್ತದೆ. ಕತ್ತಿ ಹಿಡಿಯುವುದು ನಡುವಿನದು. ಅದರ ಹಿಂದೆ ಒಂದು, ಮುಂದೆ ಒಂದು. ಗಾಯಗೊಂಡವನು ಮಲಗುವ ಕೋಣೆ, ಹಾಸಿಗೆ, ಆಹಾರ, ಅವನ ಬಳಿ ಕುಳಿತು ಒಳ್ಳೆಯ ಮಾತನಾಡುವ ಬಂಧುಗಳು — ಇವುಗಳಿಗಾಗಿಯೇ ಆ ಗ್ರಂಥದಲ್ಲಿ ಒಂದು ಅಧ್ಯಾಯ ಮೀಸಲಾಗಿದೆ.

ಇನ್ನೊಂದು ಪ್ರಸಂಗ ಶ್ರೀರಂಗಪಟ್ಟಣದ ಯುದ್ಧಕ್ಕೆ ಸಂಬಂಧಿಸಿದ್ದು. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಒಕ್ಕಲಿಗನು ಟಿಪ್ಪುವಿನ ಕಡೆಯವರ ಕೈಗೆ ಸೆರೆ ಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ಬಳಿಕ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿಗನು ಅವನ ಹಣೆಯ ಚರ್ಮವನ್ನು ಕೆಳಕ್ಕೆ ಮಡಿಸಿ ಹೊಸ ಮೂಗನ್ನು ಮಾಡಿಕೊಟ್ಟನು. ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟವಾಗಿ, ಯುರೋಪಿನ ಶಸ್ತ್ರವೈದ್ಯರನ್ನು ಬೆರಗುಗೊಳಿಸಿತು. ಜೋಸೆಫ್ ಕಾರ್ಪ್ಯೂ ಎಂಬ ವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನವನ್ನು ಅನುಸರಿಸಿದನು. ಸುರೂಪ ಶಸ್ತ್ರಚಿಕಿತ್ಸೆಯ ಆಧುನಿಕ ಚರಿತ್ರೆಯಲ್ಲಿ ಆ ಇಟ್ಟಿಗೆಯವನಿಗೆ ಇಂದಿಗೂ ಮಾನ್ಯವಾದ ಸ್ಥಾನವಿದೆ.

ಆ ಲೇಖನದಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು ಚರ್ಮವನ್ನು ಕತ್ತರಿಸಿದ ಬಗೆಗಿಂತ ಅನಂತರದ ದಿನಗಳ ಲೆಕ್ಕ. ನೀರಿನಲ್ಲಿ ನೆನೆಸಿದ ಕಾಚನ್ನು ಬಟ್ಟೆಯ ತುಂಡುಗಳಿಗೆ ಸವರಿ ಅಂಟಿಸಿ, ನಾಲ್ಕು ದಿನ ಅದನ್ನು ಮುಟ್ಟುವಂತಿರಲಿಲ್ಲ. ಅನಂತರ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊರಳೆಗಳಲ್ಲಿ ಮೆತ್ತನೆಯ ಬಟ್ಟೆ. ಸುಮಾರು ಇಪ್ಪತ್ತೈದನೆಯ ದಿನ ಹಣೆಗೂ ಮೂಗಿಗೂ ನಡುವೆ ಉಳಿಸಿದ್ದ ಚರ್ಮದ ಕೊಂಡಿಯನ್ನು ಕತ್ತರಿಸುವುದು. ಆ ಕಸುಬುಗಾರನಿಗೆ ರಕ್ತನಾಳಗಳ ಶಾಸ್ತ್ರ ತಿಳಿದಿರಲಾರದು. ಆದರೆ ಕದಲಿಸಿದರೆ ಹೊಸ ಚರ್ಮ ಸಾಯುತ್ತದೆ, ಅವಸರಪಟ್ಟರೆ ಮಾಡಿದ್ದು ಕೆಡುತ್ತದೆ ಎಂಬುದನ್ನು ಅವನು ಬಲ್ಲವನಾಗಿದ್ದನು. ಘಾಟಬೋರಾಳದ ಕ್ಯಾಲೆಂಡರಿನ ಹಿಂದಿರುವ ಹಾಳೆಗಳು ಅದನ್ನೇ ಬೇರೆ ಮಾತುಗಳಲ್ಲಿ ಹೇಳುತ್ತವೆ.

* * *

ಮೊದಲ ಎರಡು ದಿನ, ಮೊದಲ ವಾರ

ಶಸ್ತ್ರಕ್ರಿಯೆಯಾದ ಮೊದಲ ಇಪ್ಪತ್ತನಾಲ್ಕರಿಂದ ನಲವತ್ತೆಂಟು ಗಂಟೆಗಳಲ್ಲಿ ವೈದ್ಯರು ಹೆಚ್ಚಾಗಿ ಹೆದರುವುದು ಒಳಗೆ ರಕ್ತ ಕಟ್ಟಿಕೊಳ್ಳುವುದಕ್ಕೆ. ಎರಡು ಕಡೆಯೂ ಸಮನಾಗಿ ಊದಿದ್ದರೆ ಅದು ಸಹಜ. ಒಂದೇ ಕಡೆ ಇದ್ದಕ್ಕಿದ್ದಂತೆ ಊತವೇರಿ, ಬಿಗಿದು, ನೋವು ಹೆಚ್ಚಿದರೆ ಬೆಳಗಾಗುವವರೆಗೆ ಕಾಯಬಾರದು. ಮತ್ತೆ ಒಳಗೆ ಕರೆದೊಯ್ದು ಕಟ್ಟಿದ ರಕ್ತವನ್ನು ತೆಗೆಯಬೇಕಾಗಬಹುದು.

ಕೆಲವು ಶಸ್ತ್ರವೈದ್ಯರು ಗಾಯದ ಬದಿಯಿಂದ ಒಂದು ಸಣ್ಣ ರಬ್ಬರು ನಳಿಗೆಯನ್ನು ಹೊರತಂದು, ಅದರ ತುದಿಗೆ ಒಂದು ಬುರುಡೆಯನ್ನು ಕಟ್ಟಿ ಕಳಿಸುತ್ತಾರೆ. ಇದಕ್ಕೆ ಡ್ರೇನ್ ಎನ್ನುವರು. ಒಳಗೆ ನಿಲ್ಲುವ ರಕ್ತಮಿಶ್ರಿತ ನೀರು ಇದರಲ್ಲಿ ಇಳಿದುಬರುತ್ತದೆ. ಬೆಳಿಗ್ಗೆ ಸಂಜೆ ಕೈ ತೊಳೆದು ಬುರುಡೆಯನ್ನು ಬರಿದುಮಾಡಿ, ಎಷ್ಟು ಮಿಲಿಲೀಟರು ಬಂತೆಂಬುದನ್ನು ಬರೆದಿಡಬೇಕು. ದಿನವೊಂದಕ್ಕೆ ಸುಮಾರು 30 ಮಿಲಿಲೀಟರಿಗಿಂತ ಇಳಿದ ಮೇಲೆ ನಳಿಗೆಯನ್ನು ತೆಗೆಯುವುದು ವಾಡಿಕೆ. ತೆಗೆಯುವವರು ಮಾತ್ರ ವೈದ್ಯರೇ. ಮಗಳ ಶಾಲೆಯ ನೋಟುಪುಸ್ತಕದ ಒಂದು ಪುಟ ಈ ಲೆಕ್ಕಕ್ಕೆ ಸಾಕು. ಹಾಲಿನವನ ಲೆಕ್ಕವನ್ನು ತಪ್ಪದೆ ಬರೆಯುವ ಗೃಹಿಣಿಗೆ ಇದು ಕಷ್ಟದ ಕೆಲಸವಲ್ಲ.

ಮಲಗುವುದು ಅಂಗಾತವಾಗಿ, ತಲೆ ಬೆನ್ನುಗಳಿಗೆ ದಿಂಬುಗಳ ಆಸರೆ ಕೊಟ್ಟು. ಬೋರಲು ಮಲಗುವುದು ಹಲವು ವಾರ ಸಲ್ಲದು. ಎದೆಗೆ ಆಧಾರ ಕೊಡುವ, ತಂತಿಯಿಲ್ಲದ ಒಳಉಡುಪನ್ನು ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಆರು ವಾರದವರೆಗೆ, ಹಗಲಿರುಳೂ ಧರಿಸಬೇಕು. ಊತವನ್ನು ಅದುಮಿ ಹಿಡಿಯುವುದೂ, ಹೊಲಿಗೆಯ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದೂ ಅದರ ಕೆಲಸ. 'ಸೆಕೆಯಾಗುತ್ತದೆ' ಎಂದು ರಾತ್ರಿ ಬಿಚ್ಚಿಟ್ಟರೆ ನಷ್ಟ ಯಾರಿಗೆ? ಎರಡನ್ನು ಕೊಂಡಿಟ್ಟುಕೊಂಡು ಒಂದನ್ನು ಒಗೆದಾಗ ಇನ್ನೊಂದನ್ನು ಧರಿಸುವುದು ಬೇಸಿಗೆಯಲ್ಲಿ ಅನುಕೂಲ. ತಲೆಯ ಮೇಲಿಂದ ಹಾಕಿಕೊಳ್ಳುವ ಉಡುಪು ಬೇಡ. ಮುಂದೆ ಗುಂಡಿಯಿರುವ ಸಡಿಲವಾದ ಕುಪ್ಪಸವೇ ಮೇಲು.

ಹಾಗೆಂದು ಹಗಲೆಲ್ಲ ಹಾಸಿಗೆಯಲ್ಲಿಯೇ ಬಿದ್ದಿರುವುದೂ ತಪ್ಪು. ವೈದ್ಯರು ಮೊದಲ ದಿನದಿಂದಲೇ ಮನೆಯೊಳಗೆ ನಾಲ್ಕು ಹೆಜ್ಜೆ ನಡೆಸುತ್ತಾರೆ. ಅಲುಗದೆ ಮಲಗಿದವರ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಪುಪ್ಪುಸಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆಯೊಳಗೆ ಚುಚ್ಚುವುದು — ಇವು ಕಂಡರೆ ದೂರದ ಶಸ್ತ್ರವೈದ್ಯರಿಗಾಗಿ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಆ ಕ್ಷಣವೇ ಧಾವಿಸಬೇಕು.

* * *

ರೊಟ್ಟಿ ಬಡಿಯುವ ಪ್ರಶ್ನೆ

ಹೆಚ್ಚಿನವರು ಎಡವುವುದು ಮೊದಲ ವಾರದಲ್ಲಿ ಅಲ್ಲ. ಆಗ ನೋವು ತಾನೇ ಕಾವಲಿರುತ್ತದೆ. ಎರಡನೆಯ ವಾರ ಕಳೆದು, ಪಟ್ಟಿ ತೆಗೆದು, ಮೇಲಿನ ಗಾಯ ಒಣಗಿ, ಮೈಯಲ್ಲಿ ಲವಲವಿಕೆ ಮೂಡಿದಾಗ ಕಾವಲುಗಾರ ಹೊರಟುಹೋಗುತ್ತಾನೆ. ನಮ್ಮ ಉಪಾಧ್ಯಾಯಿನಿಯ ಮನೆಯಲ್ಲಿಯೂ ಅದೇ ಆಯಿತೆಂದು ತಿಳಿಯೋಣ. ಹದಿನಾರನೆಯ ದಿನ ಬೆಳಿಗ್ಗೆ ಅತ್ತೆ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: 'ಮ್ಯಾಲೆಲ್ಲ ಒಣಗ್ಯದಲ್ಲವಾ, ಎರಡ ರೊಟ್ಟಿ ಬಡದರ ಏನಾಗ್ತದ?'

ಅದಕ್ಕೆ ಉತ್ತರ ಹೀಗಿದೆ. ಚರ್ಮದ ಗಾಯದ ಬಾಯಿ ಬೇಗ ಮುಚ್ಚುತ್ತದೆ. ಬಲ ನಿಧಾನವಾಗಿ ಬರುತ್ತದೆ. ಒಂದು ವಾರದ ಕೊನೆಗೆ ಹೊಲಿದ ಜಾಗಕ್ಕೆ ಇರುವ ಬಲ, ಗಾಯವಾಗದ ಚರ್ಮದ ಬಲದಲ್ಲಿ ಸುಮಾರು ನೂರಕ್ಕೆ ಹತ್ತರಷ್ಟು ಮಾತ್ರ. ನೂರಕ್ಕೆ ಎಪ್ಪತ್ತು ಎಂಬತ್ತರಷ್ಟು ಬರುವುದಕ್ಕೆ ಮೂರು ತಿಂಗಳು ಹಿಡಿಯುತ್ತದೆ. ಪೂರ್ಣ ಬಲ ಎಂದಿಗೂ ಬರುವುದಿಲ್ಲ. ಮೇಲೆ ಒಣಗಿ ಕಾಣುವ ಗೆರೆಯ ಕೆಳಗೆ ಶರೀರವು ನೂಲು ನೂಲಾಗಿ ಹೊಸ ಅಂಗಾಂಶವನ್ನು ನೇಯುತ್ತಿರುತ್ತದೆ. ಮಗ್ಗದ ಮೇಲಿರುವ ಬಟ್ಟೆಯನ್ನು ಜಗ್ಗಿದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ.

ಭಾರ ಇಳಿಸುವ ಶಸ್ತ್ರಕ್ರಿಯೆಯಲ್ಲಿ ಹೊಲಿಗೆಯು ಮೊಲೆತೊಟ್ಟಿನ ಸುತ್ತ, ಅಲ್ಲಿಂದ ಕೆಳಕ್ಕೆ, ಮತ್ತೆ ಸ್ತನದ ಕೆಳಗಿನ ಮಡಿಕೆಯುದ್ದಕ್ಕೂ ಸಾಗುವುದು ಒಂದು ರೂಢಿಯ ವಿಧಾನ. ಕೆಳಗಿನ ಎರಡು ಗೆರೆಗಳು ಕೂಡುವ ಸಂದಿನಲ್ಲಿ ಚರ್ಮದ ಮೇಲೆ ಸೆಳೆತ ಹೆಚ್ಚು, ರಕ್ತ ಕಡಿಮೆ. ಗಾಯ ಬಿರಿಯುವುದಾದರೆ ಸಾಮಾನ್ಯವಾಗಿ ಅಲ್ಲಿಯೇ. ಸಣ್ಣದಾಗಿ ಬಿರಿದರೆ ಗಾಬರಿಯಿಲ್ಲ, ಪಟ್ಟಿ ಕಟ್ಟಿಸಿಕೊಳ್ಳುತ್ತ ಹೋದರೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಆದರೆ ವೈದ್ಯರಿಗೆ ತೋರಿಸಲೇಬೇಕು.

ಈಗ ರೊಟ್ಟಿಯ ಮಾತು. ಪರಾತದಲ್ಲಿ ಜೋಳದ ಹಿಟ್ಟನ್ನು ಬಿಸಿನೀರು ಹಾಕಿ ಮೈಭಾರ ಬಿಟ್ಟು ನಾದಬೇಕು. ಅನಂತರ ಅಂಗೈಯಿಂದ ತಟ್ಟಿ ತಟ್ಟಿ ಅಗಲ ಮಾಡಬೇಕು. ಪ್ರತಿ ಏಟಿಗೂ ಹೆಗಲೂ ಎದೆಯ ದೊಡ್ಡ ಸ್ನಾಯುವೂ ಎಳೆಯುತ್ತವೆ. ಎಂಟು ಜನರ ಮನೆಗೆ ದಿನಕ್ಕೆಷ್ಟು ರೊಟ್ಟಿ, ಒಂದು ರೊಟ್ಟಿಗೆಷ್ಟು ಏಟು ಎಂದು ಲೆಕ್ಕ ಹಾಕಿದ ಯಾವ ಗೃಹಿಣಿಗೂ ವೈದ್ಯರ ನಿಷೇಧದ ಅರ್ಥ ತಾನೇ ತಿಳಿಯುತ್ತದೆ. ಅಚ್ಚಾದ ಇಂಗ್ಲಿಷ್ ಹಾಳೆಯಲ್ಲಿ 'ಶ್ರಮದ ವ್ಯಾಯಾಮ ಬೇಡ' ಎಂದಿರುತ್ತದೆ. ರೊಟ್ಟಿಯ ಹೆಸರು ಇರುವುದಿಲ್ಲ. ಆದುದರಿಂದ ನಮ್ಮ ಮನೆಯ ಕೆಲಸಗಳ ಹೆಸರನ್ನು ನಾವೇ ಆ ಹಾಳೆಗೆ ಸೇರಿಸಿಕೊಂಡು ಶಸ್ತ್ರವೈದ್ಯರನ್ನು ಕೇಳಬೇಕು: ರೊಟ್ಟಿ ಬಡಿಯುವುದು ಯಾವಾಗ? ಕಸ ಗುಡಿಸುವುದು ಯಾವಾಗ? ಕಲ್ಲಿನ ಮೇಲೆ ಬಟ್ಟೆ ಒಗೆದು ಹಿಂಡುವುದು ಯಾವಾಗ? ಅಟ್ಟದ ಮೇಲಿನ ಡಬ್ಬಿ ತೆಗೆಯುವುದು, ಹಿಂದಕ್ಕೆ ಕೈ ಹಾಕಿ ಜಡೆ ಹೆಣೆದುಕೊಳ್ಳುವುದು, ಕರಿಹಲಗೆಯ ಮೇಲೆ ಕೈಯೆತ್ತಿ ಬರೆಯುವುದು?

ಭಾರದ ಲೆಕ್ಕವೂ ಹೀಗೆಯೇ. ಮೊದಲ ವಾರಗಳಲ್ಲಿ ಎರಡರಿಂದ ನಾಲ್ಕು ಕಿಲೋಗಿಂತ ಹೆಚ್ಚು ಎತ್ತಬಾರದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಒಂದು ಲೀಟರು ನೀರಿನ ತೂಕ ಒಂದು ಕಿಲೋ. 15 ಲೀಟರಿನ ಕೊಡ ತುಂಬಿದರೆ 15 ಕಿಲೋ. ಕೊಡದ ತೂಕ ಬೇರೆ. ಅಡಿಗೆಯ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ; ಕಬ್ಬಿಣದ ತೂಕ ಸೇರಿದರೆ ಅದರ ಇಮ್ಮಡಿ. ಎರಡು ವರ್ಷದ ಕೂಸು ಹತ್ತು ಕಿಲೋ ದಾಟಿರುತ್ತದೆ. ಅಳುವ ಮಗುವನ್ನು ಎತ್ತಿಕೊಳ್ಳಬೇಡವೆಂದು ತಾಯಿಗೆ ಹೇಳುವುದು ಕಠಿನ. ಅವಳು ಕುಳಿತಿದ್ದಾಗ ಮಗುವನ್ನು ಬೇರೆಯವರು ಎತ್ತಿ ಮಡಿಲಿಗೆ ಕೊಡುವುದು ಸುಲಭ.

ಗಾಯ ಮಾಯುತ್ತ ಬಂದಂತೆ ತೋಳನ್ನು ಎಷ್ಟು, ಹೇಗೆ ಆಡಿಸಬೇಕೆಂಬುದನ್ನೂ ವೈದ್ಯರೇ ಹೇಳುತ್ತಾರೆ. ಅತಿಯಾಗಿ ಕಾದುಕೊಂಡು ತೋಳನ್ನು ಮೈಗೆ ಅಂಟಿಸಿಯೇ ಇಟ್ಟರೆ ಹೆಗಲು ಬಿಗಿದುಕೊಳ್ಳುತ್ತದೆ.

* * *

ಅರಿಶಿನ, ತಂಬಾಕು, ನೆರೆಮನೆಯ ಮದ್ದು

ಗಾಯವೆಂದೊಡನೆ ನಮ್ಮ ಮನೆಗಳಲ್ಲಿ ಅರಿಶಿನದ ಡಬ್ಬಿ ತೆರೆಯುತ್ತದೆ. ಸಾರಿಗೆ ಒಳ್ಳೆಯದಾದ ಅರಿಶಿನವು ಶಸ್ತ್ರಕ್ರಿಯೆಯ ಗಾಯಕ್ಕೆ ಒಳ್ಳೆಯದಲ್ಲ. ಅಡಿಗೆಮನೆಯ ಪುಡಿ ಕ್ರಿಮಿರಹಿತವಾದುದಲ್ಲ, ಮೇಲಾಗಿ ಅದರ ಬಣ್ಣದಡಿಯಲ್ಲಿ ಕೆಂಪು ಏರುತ್ತಿರುವುದೂ ಕಾಣದು. ಬೂದಿ, ಎಣ್ಣೆ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ವೈದ್ಯರು ಹೇಳಿದ ಮುಲಾಮು, ಹೇಳಿದ ಪಟ್ಟಿ, ಹೇಳಿದ ದಿನದಿಂದ ಸ್ನಾನ — ಇಷ್ಟೇ. ಬಾವಿ, ಕೆರೆ, ಹೊಳೆಯ ನೀರಿನಲ್ಲಿ ಮುಳುಗುವುದು ಗಾಯ ಪೂರ್ಣವಾಗಿ ಮುಚ್ಚುವವರೆಗೆ ನಿಷಿದ್ಧ.

ತಂಬಾಕಿನ ಮಾತನ್ನು ಬಿಡಿಸಿ ಹೇಳುವುದು ಅಗತ್ಯ. 'ಸಿಗರೇಟು ಸೇದುತ್ತೀರಾ?' ಎಂದು ವೈದ್ಯರು ಕೇಳಿದಾಗ ನಮ್ಮ ಹೆಣ್ಣುಮಕ್ಕಳು ನಕ್ಕು ಇಲ್ಲವೆನ್ನುತ್ತಾರೆ. ಆದರೆ ಎಲೆ ಅಡಿಕೆಯೊಡನೆ ಜರ್ದಾ, ಹಲ್ಲಿಗೆ ಸುಟ್ಟ ತಂಬಾಕಿನ ಪುಡಿ — ಇವು ಮಹಾರಾಷ್ಟ್ರದ ಗಡಿಯ ಮನೆಗಳಲ್ಲಿ ಅಪರೂಪವಲ್ಲ. ತಂಬಾಕಿನ ನಿಕೋಟಿನ್ ಯಾವ ದಾರಿಯಿಂದ ಮೈಗೆ ಸೇರಿದರೂ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಸ್ಥಳಾಂತರಿಸಿ ಹೊಲಿದ ಮೊಲೆತೊಟ್ಟಿಗೂ ಚರ್ಮದ ಅಂಚಿಗೂ ಆ ಸಣ್ಣ ನಾಳಗಳೇ ಜೀವನಾಡಿ. ರಕ್ತ ಸಾಲದೆ ಹೋದರೆ ಅವು ಕಪ್ಪಾಗಿ ಸಾಯುತ್ತವೆ. ಅದಕ್ಕಾಗಿಯೇ ಶಸ್ತ್ರಕ್ರಿಯೆಗೆ ಕನಿಷ್ಠ ನಾಲ್ಕು ವಾರ ಮುಂಚಿನಿಂದಲೂ, ಅನಂತರ ಗಾಯ ಮಾಯುವವರೆಗೂ ತಂಬಾಕು ಬಿಡಬೇಕೆಂದು ವೈದ್ಯರು ಒತ್ತಿ ಹೇಳುವುದು. ಮನೆಯ ಗಂಡಸರು ಬೀಡಿಯನ್ನು ಅಂಗಳದ ಆಚೆಗೆ ಇಟ್ಟರೆ ಅದೂ ಒಂದು ಶುಶ್ರೂಷೆಯೇ.

ಮಾತ್ರೆಗಳ ವಿಷಯದಲ್ಲಿ ಎರಡು ಮಾತು. ಕೊಟ್ಟ ಮಾತ್ರೆಗಳನ್ನು ಹೇಳಿದಷ್ಟು ದಿನ ಪೂರ್ತಿ ನುಂಗಬೇಕು. ಕೊಡದ ಮಾತ್ರೆಯನ್ನು ಕೇಳದೆ ನುಂಗಬಾರದು. ನಾದಿನಿಯ ಮೊಣಕಾಲು ನೋವಿನ ಗುಳಿಗೆ ರಕ್ತ ಸುರಿಸುವಂಥದ್ದಿರಬಹುದು. ಸಕ್ಕರೆ ಕಾಯಿಲೆಯವರಿಗೆ ಈ ಆರು ವಾರಗಳಲ್ಲಿ ಸಕ್ಕರೆ ಹತೋಟಿಯಲ್ಲಿರುವುದು ಹೊಲಿಗೆಯಷ್ಟೇ ಮುಖ್ಯ. ಬಾಣಂತಿಯಂತೆ ಪಥ್ಯವಿಟ್ಟು ಬರೀ ಅನ್ನ ಸಾರು ಕೊಡುವ ವಾಡಿಕೆಯೂ ಬೇಡ. ಗಾಯ ನೇಯುವುದಕ್ಕೆ ಶರೀರಕ್ಕೆ ಪ್ರೋಟೀನು ಬೇಕು. ತೊಗರಿಯ ನಾಡಿನಲ್ಲಿ ಬೇಳೆಗೆ ಬರವೇ?

* * *

ವೈದ್ಯರು ದೂರ, ಗಾಯ ಇಲ್ಲಿ

ಹುಮನಾಬಾದಿನಿಂದ ಹೈದರಾಬಾದಿಗೆ ಸುಮಾರು 150 ಕಿಲೋಮೀಟರು. ಒಂದು ದಿನದ ಸಂಬಳ, ಒಬ್ಬರ ಜೊತೆ, ವಾಹನದ ಖರ್ಚು — ಇವನ್ನೆಲ್ಲ ಎಣಿಸಿ, 'ಚೆನ್ನಾಗಿಯೇ ಇದ್ದೇನಲ್ಲ' ಎಂದು ಮರುಭೇಟಿಯನ್ನು ಬಿಟ್ಟುಬಿಡುವವರು ಉಂಟು. ಮರುಭೇಟಿಯ ಖರ್ಚನ್ನು ಶಸ್ತ್ರಕ್ರಿಯೆಯ ಖರ್ಚಿನ ಜೊತೆಗೇ ಮೊದಲೇ ತೆಗೆದಿಡುವುದು ವಿವೇಕ. ಆಸ್ಪತ್ರೆ ಬಿಡುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದೇ ಹೊರಡಬೇಕು: ರಾತ್ರಿ ಏನಾದರೂ ಆದರೆ ಯಾವ ನಂಬರಿಗೆ ಫೋನು ಮಾಡಬೇಕು? ಬೀದರಿನಲ್ಲಿಯೋ ಕಲಬುರಗಿಯಲ್ಲಿಯೋ ಪಟ್ಟಿ ಬದಲಾಯಿಸಲು ಯಾರ ಬಳಿಗೆ ಹೋಗಬಹುದು? ಆ ವೈದ್ಯರಿಗೆ ತೋರಿಸಲು ಏನೇನು ಮಾಡಲಾಗಿದೆಯೆಂಬ ಕಾಗದ ಎಲ್ಲಿ? ಹಾಳೆಯನ್ನು ಕನ್ನಡದಲ್ಲಿ ವಿವರಿಸಿರೆಂದು ಕೇಳುವುದಕ್ಕೂ ನಾಚಬೇಕಾಗಿಲ್ಲ.

ಶಸ್ತ್ರವೈದ್ಯರನ್ನು ಆರಿಸುವಾಗಲೇ ಈ ವಿಚಾರ ಮಾಡಬೇಕು. ನಮ್ಮ ದೇಶದಲ್ಲಿ ಸುರೂಪ ಶಸ್ತ್ರಚಿಕಿತ್ಸೆಯಲ್ಲಿ ವಿಶೇಷ ಶಿಕ್ಷಣ ಪಡೆದವರಿಗೆ ಆ ವಿಷಯದ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಇರುತ್ತದೆ. ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ.

ಫೋನಿನಲ್ಲಿ ಗಾಯದ ಚಿತ್ರ ತೆಗೆದು ಕಳಿಸುವ ಸೌಕರ್ಯ ಈಗ ಇದೆ. ವೈದ್ಯರು ಒಪ್ಪಿದರೆ ಅವರಿಗೊಬ್ಬರಿಗೇ ಕಳಿಸಿ, ಮನೆಯ ಬೇರೆಯವರ ಕೈಗೆ ಸಿಗದಂತೆ ಅಳಿಸಿಬಿಡಬೇಕು. ಆದರೆ ಕೆಲವು ಚಿಹ್ನೆಗಳಿಗೆ ಚಿತ್ರ ಸಾಲದು, ಕೂಡಲೆ ವೈದ್ಯರನ್ನು ಕಾಣಬೇಕು. ಜ್ವರವು 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು; ಗಾಯದ ಸುತ್ತಲಿನ ಕೆಂಪು ದಿನದಿನಕ್ಕೆ ಹರಡುವುದು; ಕೀವು, ದುರ್ಗಂಧ; ಹೊಲಿಗೆ ಬಿಟ್ಟುಕೊಳ್ಳುವುದು; ಮೊಲೆತೊಟ್ಟು ನೀಲಿಗಟ್ಟುವುದು ಅಥವಾ ಕಪ್ಪಾಗುವುದು. 'ನಾಳೆ ಸಂತೆಗೆ ಹೋಗುವಾಗ ತೋರಿಸಿದರಾಯಿತು' ಎನ್ನುವಂಥವು ಇವಲ್ಲ.

* * *

ಕನ್ನಡಿಯ ಮುಂದೆ

ಪಟ್ಟಿ ಬಿಚ್ಚಿದ ದಿನ ಕನ್ನಡಿಯ ಮುಂದೆ ನಿಂತು ಕಣ್ಣೀರಿಟ್ಟವರು ಬಹಳ ಮಂದಿ ಇದ್ದಾರೆ. ಊತ, ಕಂದು ನೀಲಿ ಬಣ್ಣ, ಎರಡು ಕಡೆಗೂ ಹೋಲಿಕೆಯಿಲ್ಲದ ಆಕಾರ — 'ಇದಕ್ಕಾಗಿಯೇ ಇಷ್ಟೆಲ್ಲ ಮಾಡಿಸಿಕೊಂಡೆನೆ?' ಎಂಬ ಉಮ್ಮಳ ಬರುವುದು ಸಹಜ. ನೋವು, ನಿದ್ರೆಗೇಡು, ಔಷಧಗಳ ಆಯಾಸ ಇವೂ ಅದಕ್ಕೆ ಸೇರುತ್ತವೆ. ಆಕಾರವು ನೆಲೆಗೊಳ್ಳಲು ಮೂರರಿಂದ ಆರು ತಿಂಗಳು ಬೇಕು. ಕಲೆಯು ಮೊದಲ ತಿಂಗಳುಗಳಲ್ಲಿ ಕೆಂಪಾಗಿ ಉಬ್ಬಿ, ಒಂದು ಒಂದೂವರೆ ವರ್ಷದಲ್ಲಿ ತಿಳಿಯಾಗುತ್ತ ಬರುತ್ತದೆ, ಅಳಿದುಹೋಗುವುದಿಲ್ಲ. ಕೆಲವರ ಮೈಗುಣಕ್ಕೆ ಕಲೆಯು ದಪ್ಪಗೆ ಬೆಳೆಯುವುದೂ ಉಂಟು. ಕಿವಿ ಚುಚ್ಚಿಸಿದಾಗ ಗಂಟು ಬೆಳೆದಿದ್ದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮೊಲೆತೊಟ್ಟಿನ ಸ್ಪರ್ಶಜ್ಞಾನ ಕೆಲವು ತಿಂಗಳು ಮಂಕಾಗಬಹುದು, ಕೆಲವರಲ್ಲಿ ಮರಳದೆಯೂ ಹೋಗಬಹುದು. ಮುಂದೆ ಮಗುವಿಗೆ ಹಾಲೂಡಿಸುವ ಶಕ್ತಿಯೂ ಕುಂದಬಹುದಾದುದರಿಂದ, ಇನ್ನೂ ಮಕ್ಕಳಾಗಬೇಕಾದವರು ಈ ಪ್ರಶ್ನೆಯನ್ನು ಶಸ್ತ್ರಕ್ರಿಯೆಗೆ ಮುನ್ನವೇ ಎತ್ತಬೇಕು.

ಗಂಡನಾದವನಿಗೆ ಈ ವಾರಗಳಲ್ಲಿ ಸಂಯಮವೂ ಒಂದು ಕರ್ತವ್ಯ. ಅದಕ್ಕೂ ಮಿಗಿಲಾದುದು ಕನ್ನಡಿಯ ಮುಂದೆ ಅಳುವವಳನ್ನು 'ನೀನೇ ಬೇಕೆಂದು ಮಾಡಿಸಿಕೊಂಡದ್ದಲ್ಲವೆ' ಎಂದು ಚುಚ್ಚದಿರುವುದು. ಮಂಕು ವಾರಗಟ್ಟಲೆ ಕವಿದೇ ಇದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು.

* * *

ಒಳಗೆ ಉಳಿಯುವ ವಸ್ತು

ಸಿಲಿಕೋನಿನ ಚೀಲವನ್ನು ಇರಿಸಿಕೊಂಡವರಿಗೆ ಮಾರ್ಗದರ್ಶನದ ಅವಧಿ ಆರು ವಾರಕ್ಕೆ ಮುಗಿಯದು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಥಾಮಸ್ ಕ್ರೋನಿನ್, ಫ್ರಾಂಕ್ ಜೆರೋ ಎಂಬ ವೈದ್ಯರು 1962ರಲ್ಲಿ ಇಂತಹ ಚೀಲವನ್ನು ಮೊದಲ ಸಲ ಮಹಿಳೆಯೊಬ್ಬಳಿಗೆ ಇರಿಸಿದರು. ಅಂದಿನಿಂದ ಇದರ ಚರಿತ್ರೆಯಲ್ಲಿ ಏಳುಬೀಳುಗಳು ಬಹಳ. 2010ರಲ್ಲಿ ಫ್ರಾನ್ಸಿನ ಒಂದು ಕಂಪೆನಿಯು ವೈದ್ಯಕೀಯಕ್ಕೆ ಸಲ್ಲದ ಸಿಲಿಕೋನು ತುಂಬುತ್ತಿದ್ದುದು ಬಯಲಾಯಿತು. 2019ರಲ್ಲಿ ಒರಟು ಮೈಯ ಕೆಲವು ಚೀಲಗಳನ್ನು, ಅವುಗಳಿಗೂ ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರಿಗೂ ಇರುವ ಸಂಬಂಧದಿಂದಾಗಿ, ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು.

ಹೆದರಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಯಾವ ಕಂಪೆನಿಯ ಯಾವ ಸಂಖ್ಯೆಯ ಚೀಲವನ್ನು ಇರಿಸಿದ್ದಾರೆಂಬ ಚೀಟಿಯನ್ನು ಒಡವೆಯ ಜೊತೆಗೆ ಕಾಪಾಡಬೇಕು. ಚೀಲ ಜೀವಮಾನವಿಡೀ ಬಾಳುವ ವಸ್ತುವಲ್ಲ. ಯಾವ ತೊಂದರೆಯಿಲ್ಲದಿದ್ದರೂ ಐದಾರು ವರ್ಷಕ್ಕೆ ಮೊದಲ ಸಲ, ಅನಂತರ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಮಾಡಿಸಿ ಒಡೆದಿದೆಯೇ ಎಂದು ನೋಡಬೇಕೆಂಬುದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2020ರಲ್ಲಿ ಕೊಟ್ಟ ಸಲಹೆ. ವರ್ಷಗಳ ಮೇಲೆ ಒಂದು ಕಡೆ ಊದಿಕೊಂಡರೆ ಅಸಡ್ಡೆ ಕೂಡದು. ಎದೆಯನ್ನು ನೀವುವುದಾಗಲಿ, ಒತ್ತುವುದಾಗಲಿ ತಮ್ಮ ಶಸ್ತ್ರವೈದ್ಯರು ಹೇಳಿದರೆ ಮಾತ್ರ; ಒಬ್ಬಳಿಗೆ ಹೇಳಿದ್ದು ಇನ್ನೊಬ್ಬಳಿಗೆ ಅನ್ವಯಿಸದು.

* * *

ಮತ್ತೆ ಘಾಟಬೋರಾಳದ ಆ ಮನೆಗೆ ಬರೋಣ. ಹದಿನಾರನೆಯ ದಿನದ ಬೆಳಿಗ್ಗೆ ಉಪಾಧ್ಯಾಯಿನಿ ಹಿಟ್ಟಿನ ಪರಾತದ ಮುಂದೆ ಕುಳಿತಳು, ಕೈ ಹಾಕಲಿಲ್ಲ. ಎದ್ದು ಹೋಗಿ ಕ್ಯಾಲೆಂಡರಿನ ಹಿಂದಿನ ಹಾಳೆಗಳನ್ನು ತಂದಳು. ಅತ್ತೆಯ ಪಕ್ಕದಲ್ಲಿ ಕುಳಿತು, 'ಅತ್ತಿ, ಬೆನ್ನಿಂದಲ್ಲ' ಎಂದು ಆರಂಭಿಸಿ, ಹದಿನೈದು ವರ್ಷದ ನೋವನ್ನೂ ಮೂರು ಗಂಟೆಯ ಶಸ್ತ್ರಕ್ರಿಯೆಯನ್ನೂ ಹೇಳಿದಳು. ಆಮೇಲೆ ಹಾಳೆಯ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿದಳು.

ಮುದುಕಿ ಕೇಳಿ ಮುಗಿಸಿದರು. ಒಂದು ಗಳಿಗೆ ಸುಮ್ಮನಿದ್ದರು. 'ಮೊದಲ ಯಾಕ ಹೇಳಲಿಲ್ಲವಾ?' ಎಂದಷ್ಟೇ ಅಂದು, ಪರಾತವನ್ನು ತಮ್ಮ ಕಡೆಗೆ ಎಳೆದುಕೊಂಡರು. ಸಂಜೆ ಮಗನನ್ನು ಕರೆದು, ನೀರಿನ ಕೊಡ ಇನ್ನು ಒಂದು ತಿಂಗಳು ನಿನ್ನದೆಂದು ತಾಕೀತು ಮಾಡಿದರು. ಎರಡು ಹಾಳೆಗಳೂ ಈಗ ಅಡಿಗೆಮನೆಯಲ್ಲಿ, ರೊಟ್ಟಿಯ ಹಂಚಿನ ಮೇಲುಗಡೆಯ ಗೋಡೆಗೆ ಅಂಟಿಕೊಂಡಿವೆ.